ದೊಡ್ಡಮ್ಮ ಮೂಲೆ ಪಬ್ಬು ಬಿಟ್ಟದ್ದು

ನಮ್ಮ ದೊಡ್ಡಮ್ಮ ಯಾವುದನ್ನಾದರೂ ಚೆನ್ನಾಗಿದೆ ಎಂದು ಪೂರ್ತಿ ಒಪ್ಪಿಕೊಂಡದ್ದು ನನಗೆ ನೆನಪಿಲ್ಲ. ತೀರಾ ಮೆಚ್ಚುಗೆಯಾದರೆ 'ಪರವಾಗಿಲ್ಲ ಬಿಡು' ಎನ್ನುತ್ತಾಳೆ. ಆ 'ಬಿಡು'ವಿನಲ್ಲಿ ಕೊಟ್ಟ ಮೆಚ್ಚುಗೆಯ ಅರ್ಧ ವಾಪಸು ಹೋಗಿರುತ್ತದೆ. ಅಮ್ಮನ ಅಕ್ಕ ಆಕೆ. ಊರಾಚೆಯ ಬಡಾವಣೆಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಸೋಫಾ, ಕುರ್ಚಿ, ಬೆಂಚುಗಳಿಗೆ ಸೀಟು ಕಟ್ಟುವುದು ಅವಳ ಕಸುಬು. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಸ್ಪಂಜಿನ ಪುಡಿ ಬಟ್ಟೆಗೆ ಹತ್ತುತ್ತದೆ. ಊರವರಿಗೆಲ್ಲ ಮೆತ್ತನೆಯ ಸೀಟು ಕಟ್ಟುವವಳು ತಾನು ಮಾತ್ರ ಮರದ ಸ್ಟೂಲಿನ ಮೇಲೆ ಕೂರುತ್ತಾಳೆ. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡಿರುತ್ತಾಳೆ, ಹಾಗೆಯೇ ಮಾತೂ ಆಡುತ್ತಾಳೆ.

"ಬಾಯಲ್ಲಿ ಮೊಳೆ ಇಟ್ಕೊಂಡು ಮಾತಾಡ್ಬೇಡ ಅಕ್ಕಾ" ಎಂದು ಅಮ್ಮ ಹೆದರಿದರೆ, "ಮೊಳೆ ತೆಗೆದ್ರೆ ಇನ್ನೂ ಜೋರಾಗಿ ಮಾತಾಡ್ತೀನಿ, ತಡ್ಕೋತೀಯಾ?" ಎನ್ನುತ್ತಾಳೆ.

ಮನುಷ್ಯರನ್ನು ಅವಳು ಅಳೆಯುವುದು ಮುಖ ನೋಡಿ ಅಲ್ಲ, ಅವರು ಕೂತೆದ್ದ ಸೀಟು ನೋಡಿ. ಒಂದು ಪಕ್ಕ ಮಾತ್ರ ಕುಸಿದಿದ್ದರೆ 'ಜೇಬಲ್ಲಿ ಕೈ ಇಟ್ಕೊಂಡೇ ಕೂರೋನು', ಮುಂದಿನ ಅಂಚು ಸವೆದಿದ್ದರೆ 'ಎದ್ದು ಓಡೋಕೆ ಕಾಯ್ತಿರೋನು'. ಈ ಲೆಕ್ಕಾಚಾರ ಎಷ್ಟು ಸರಿಯೋ ನಾನರಿಯೆ. ತನ್ನ ಗಂಡನ ಕುರ್ಚಿಯ ಮುಂದಿನ ಅಂಚು ಸವೆದಿತ್ತೇ ಇಲ್ಲವೇ ಎಂದು ಅವಳೇ ನೋಡಿರಲಿಲ್ಲ, ಅದು ಬೇರೆ ಮಾತು.

ದೊಡ್ಡಪ್ಪ ಕಾರು ಕಲಿಸುವ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯೂ ಒಂದು ಬ್ರೇಕ್ ಇಟ್ಟುಕೊಂಡು, ಬೇರೆಯವರ ಗಾಬರಿಯಲ್ಲಿ ಬದುಕು ಸಾಗಿಸುವ ಕೆಲಸ. ನಗುಮುಖ, ಇಸ್ತ್ರಿ ಅಂಗಿ, ಯಾರಿಗೂ ಇಲ್ಲ ಎನ್ನದ ಬಾಯಿ. ಆಗೆಲ್ಲ ನಾನು ಅವರನ್ನು 'ಅವರು' ಎಂದೇ ಕರೆಯುತ್ತಿದ್ದೆ. ಈಗ ಅವನ ಮೇಲೆ ಬಹುವಚನ ಖರ್ಚು ಮಾಡುವ ಮನಸ್ಸಿಲ್ಲ.

ಶನಿವಾರ ಸಂಜೆಯಾದರೆ ಗಂಡ ಹೆಂಡತಿ ಇಬ್ಬರೂ ತಮ್ಮ ರಸ್ತೆಯ ಕೊನೆಯ ಪಬ್ಬಿಗೆ ಹೋಗುತ್ತಿದ್ದರು. ಬಾಗಿಲ ಮೇಲೆ ಅದಕ್ಕೊಂದು ಹೆಸರಿತ್ತು, ಆದರೆ ಬಡಾವಣೆಯವರು ಕರೆಯುವುದು 'ಮೂಲೆ ಪಬ್ಬು' ಎಂದೇ. ಬಣ್ಣ ಯಾವುದೆಂದು ಹೇಳಲಾಗದ ನೆಲಹಾಸು, ಬಿಯರು ಕುಡಿದು ಕುಡಿದು ಊದಿಕೊಂಡ ಮರದ ಕೌಂಟರು, ಗೋಡೆಯುದ್ದಕ್ಕೂ ಬೆಂಚು, ಅದರ ಮೇಲೆ ಪ್ರತಿಯೊಬ್ಬರಿಗೂ ಅವರವರದೇ ಜಾಗ. ಹೊಸಬರು ಗೊತ್ತಿಲ್ಲದೆ ಯಾರದೋ ಜಾಗದಲ್ಲಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕೂತವನಿಗೆ ತಾನೇ ಏನೋ ಕದ್ದೆ ಎನಿಸುವವರೆಗೆ ಎಲ್ಲರೂ ಸುಮ್ಮನೆ ನೋಡುತ್ತಿದ್ದರು. ಅದನ್ನೇ ಅಲ್ಲಿ ಆತ್ಮೀಯತೆ ಎನ್ನುತ್ತಿದ್ದರು.

ಇತ್ತ ನಮ್ಮ ಮನೆ ಇದ್ದದ್ದು ನಗರದ ನಟ್ಟನಡುವೆ. ಅಪ್ಪನದು ದೀಪದ ಅಂಗಡಿ, ಅಂಗಡಿಯ ಮೇಲೇ ಮನೆ. ಊರಿನ ಅರ್ಧ ಪಬ್ಬುಗಳಿಗೆ ದೀಪ ಹಾಕಿಕೊಟ್ಟವನು ತಾನು ಎಂಬುದು ಅಪ್ಪನ ಹೆಮ್ಮೆ. ಹಾಗೆ ನೋಡಿದರೆ ಆ ಪಬ್ಬುಗಳಲ್ಲಿ ಎದುರಿಗಿದ್ದವರ ಮೂಗು ಕೂಡ ಕಾಣುವುದಿಲ್ಲ. ಅಪ್ಪ, ದೊಡ್ಡಪ್ಪ ಷಡ್ಡಕರು. ಷಡ್ಡಕರ ನಡುವೆ ಆಸ್ತಿ ಜಗಳ ಇರಲು ಆಸ್ತಿಯೇ ಇರಲಿಲ್ಲವಾದ್ದರಿಂದ ಪಬ್ಬಿನ ಜಗಳ ಇಟ್ಟುಕೊಂಡಿದ್ದರು. ಮನೆಯಲ್ಲಿ ಊಟಕ್ಕೆ ಸೇರಿದಾಗಲೆಲ್ಲ ಕೈ ತೊಳೆಯುವುದರೊಳಗೆ ಅದು ಶುರುವಾಗುತ್ತಿತ್ತು.

"ಭಾವ, ನಿಮ್ಮ ಮೂಲೆ ಪಬ್ಬಲ್ಲಿ ಏನಿದೆ ಹೇಳಿ ನೋಡೋಣ? ಅದೇ ಬಿಯರು, ಅದೇ ಕಡಲೆಬೀಜ, ಅದೇ ಹತ್ತು ಮುಖ" ಎನ್ನುತ್ತಿದ್ದ ಅಪ್ಪ.

"ಆ ಹತ್ತು ಮುಖಕ್ಕೂ ನನ್ನ ಮುಖ ಗೊತ್ತು ಕಣಯ್ಯಾ. ನಾನು ಬಾಗಿಲು ತಳ್ಳೋ ಹೊತ್ತಿಗೆ ನನ್ನ ಗ್ಲಾಸು ತುಂಬ್ತಾ ಇರುತ್ತೆ. ನಿಮ್ಮ ಸಿಟೀಲಿ ಸತ್ತು ಬಿದ್ರೂ ಬಿಲ್ ಕೊಟ್ಟು ಸಾಯಿ ಅಂತಾರೆ."

"ಮನೇಲಿ ನೋಡಿದ ಮುಖಗಳನ್ನೇ ಮತ್ತೆ ನೋಡೋಕೆ ಹೊರಗೆ ಯಾಕೆ ಹೋಗ್ಬೇಕು? ಸಂಜೆ ಹೊರಗೆ ಹೋಗೋದು ಅಂದ್ರೆ ಹೊಸದೇನಾದ್ರೂ ನೋಡ್ಬೇಕು."

"ಹೊಸದು ಅಂದ್ರೆ ಬಿಲ್ಲು ತಾನೇ? ದಿನಾ ಹೊಸದೇ."

ದೊಡ್ಡಮ್ಮ ಈ ಜಗಳದಲ್ಲಿ ಗಂಡನ ಪಕ್ಷ. ಅದೊಂದು ವಿಷಯದಲ್ಲಿ ಮಾತ್ರ ಅವನ ಮಾತಿಗೆ ತಲೆಯಾಡಿಸುತ್ತಿದ್ದಳು. "ಅಲ್ಲಿ ಕನಿಷ್ಠ ಒಬ್ಬರ ಸಂಕಟ ಇನ್ನೊಬ್ಬರಿಗೆ ಗೊತ್ತಾಗುತ್ತೆ" ಎಂದು ಒಮ್ಮೆ ಹೇಳಿದ್ದಳು. ಅವಳಿಂದ ಅಷ್ಟು ಹೊಗಳಿಕೆ ಹೊರಟದ್ದು ನೋಡಿ ಅಮ್ಮ ಬಡಿಸುವ ಸೌಟು ಹಿಡಿದೇ ನಿಂತುಬಿಟ್ಟಿದ್ದಳು.

ಅಮ್ಮನಿಗೆ ಐವತ್ತು ತುಂಬಿದ ದಿನ ಅಪ್ಪ ಈ ವಾದವನ್ನು ಒಂದೇ ಸಂಜೆಯಲ್ಲಿ ಗೆದ್ದುಬಿಡೋಣ ಎಂದುಕೊಂಡ. ನಮ್ಮನ್ನೆಲ್ಲ ನಗರದಲ್ಲಿ ಆಗ ತಾನೇ ತೆರೆದಿದ್ದ ಒಂದು ಪಬ್ಬಿಗೆ ಕರೆದೊಯ್ದ. ಅದಕ್ಕೆ ಬೋರ್ಡೇ ಇರಲಿಲ್ಲ. ಬೋರ್ಡಿಲ್ಲದಿರುವುದೇ ಅದರ ದೊಡ್ಡಸ್ತಿಕೆ ಎಂದು ಅಪ್ಪ ವಿವರಿಸಿದ. ಗೊತ್ತಿದ್ದವರಿಗೆ ಮಾತ್ರ ಗೊತ್ತಂತೆ. ಗೊತ್ತಿದ್ದ ಅಪ್ಪನೇ ಎರಡು ಸಲ ದಾಟಿ ಮುಂದೆ ಹೋಗಿ, ಒಂದು ಸಲ ಪಕ್ಕದ ಬ್ಯಾಂಕಿನ ಬಾಗಿಲು ತಳ್ಳಿ, ಕೊನೆಗೆ ಕಂಡುಹಿಡಿದ. ಬಾಗಿಲಲ್ಲಿ ನಿಂತಿದ್ದ ದಾಂಡಿಗ ದೊಡ್ಡಪ್ಪನ ಚಪ್ಪಲಿಯನ್ನು ನೋಡಿದ. ದೊಡ್ಡಪ್ಪ ಕಾಲುಬೆರಳು ಮಡಿಚಿಕೊಂಡು ಒಳಗೆ ನುಸುಳಿದ.

ಒಳಗೆ ಕತ್ತಲು, ಕತ್ತಲೊಳಗೆ ಸದ್ದು. ಮಾತಾಡಬೇಕಾದರೆ ಕಿವಿಗೆ ಬಾಯಿ ಇಡಬೇಕು, ಕೇಳಬೇಕಾದರೆ ಬಾಯಿಗೆ ಕಿವಿ ಇಡಬೇಕು. ಮೆನು ಕಾರ್ಡಿಲ್ಲ, ಮೇಜಿನ ಮೇಲೆ ಅಂಟಿಸಿದ ಚೌಕಕ್ಕೆ ಫೋನು ತೋರಿಸಬೇಕು. ದೊಡ್ಡಮ್ಮನ ಫೋನಿಗೆ ಕ್ಯಾಮೆರಾ ಇತ್ತು, ಆದರೆ ಅದರ ಮೇಲೆ ಅಂಟು ಮೆತ್ತಿಕೊಂಡಿತ್ತು. ಕೊನೆಗೆ ಗಡ್ಡ ಬಿಟ್ಟ ಒಬ್ಬ ಹುಡುಗ ಬಂದು ಬಾಗಿ ನಿಂತು ಬಿಯರುಗಳ ವಂಶಾವಳಿ ಹೇಳತೊಡಗಿದ.

"ಇದರಲ್ಲಿ ಸ್ವಲ್ಪ ಹೊಗೆಯ ಛಾಯೆ ಇದೆ ಮೇಡಂ. ಕೊನೆಗೆ ನಾಲಗೆ ಮೇಲೆ ಕಿತ್ತಳೆ ಸಿಪ್ಪೆಯ ನೆನಪು ಉಳಿಯುತ್ತೆ."

"ನೆನಪೆಲ್ಲ ಬೇಡಪ್ಪ, ಬಿಯರು ಕೊಡು" ಎಂದಳು ದೊಡ್ಡಮ್ಮ.

ಬಂದದ್ದು ಕೆಮ್ಮಿನ ಔಷಧಿಯ ಅಳತೆಯ ಗ್ಲಾಸು. ಜೊತೆಗೆ ಕಪ್ಪು ಕಲ್ಲಿನ ಹಲಗೆಯ ಮೇಲೆ ಹುರಿದ ಆಲೂಗಡ್ಡೆ, ಎಣಿಸಿ ಇಟ್ಟಂತೆ. ದೊಡ್ಡಮ್ಮ ಅವುಗಳನ್ನು ನೋಡದೆ ಕುರ್ಚಿಯ ಕೆಳಗೆ ಕೈ ಹಾಕಿ ತಡವುತ್ತಿದ್ದಳು. ಆಮೇಲೆ ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದಳು: "ನೋಡಿ ಇವರೇ, ಈ ಕುರ್ಚಿ ನಾನೇ ಕಟ್ಟಿದ್ದು!"

"ಹೌದಾ ಅತ್ತಿಗೆ? ಭಲೇ!" ಎಂದು ಅಪ್ಪ ಖುಷಿಯಿಂದ ಕೂಗಿದ.

"ಭಲೇ ಏನು ಬಂತು! ಸ್ಪಂಜು ತೆಳ್ಳಗಿರ್ಲಿ, ಸೀಟು ಮುಂದಕ್ಕೆ ಇಳಿಜಾರಾಗಿರ್ಲಿ, ಒಂದು ಗಂಟೆ ಮೇಲೆ ಯಾರೂ ಕೂರ್ಬಾರ್ದು ಅಂತ ಮ್ಯಾನೇಜರು ಹೇಳಿ ಮಾಡಿಸಿದ್ದು. ಎಲ್ಲಿಗೆ ಅಂತ ಹೇಳಿರ್ಲಿಲ್ಲ. ನಾನು ಯಾವುದೋ ಕಚೇರೀಲಿ ಅರ್ಜಿ ಹಾಕೋರು ಕೂರೋಕೆ ಅಂದ್ಕೊಂಡಿದ್ದೆ!"

ಅಪ್ಪನ ಮುಖ ಆ ಕತ್ತಲಲ್ಲೂ ಕಪ್ಪಿಟ್ಟದ್ದು ಕಂಡಿತು. ಗಂಟೆ ತುಂಬುವ ಮೊದಲೇ ಅಮ್ಮನ ಸೊಂಟ ಹಿಡಿಯಿತು. ನಮ್ಮ ಮೇಜು ಇನ್ನೊಬ್ಬರಿಗೆ ಕೊಟ್ಟಾಗಿದೆ ಎಂದು ಆ ಗಡ್ಡದ ಹುಡುಗನೇ ಬಂದು ನಗುತ್ತಾ ಎಬ್ಬಿಸಿದ. ಹೊರಗೆ ಬಂದಾಗ ದೊಡ್ಡಪ್ಪನ ಎದೆ ಒಂದು ಗೇಣು ಉಬ್ಬಿತ್ತು. "ನೋಡಿದ್ಯೇನಯ್ಯಾ? ಹುಟ್ಟುಹಬ್ಬದ ಹೆಂಗಸನ್ನೇ ಎಬ್ಬಿಸಿ ಕಳಿಸ್ತಾರೆ. ನಮ್ಮದು ಪಬ್ಬಲ್ಲ, ಮನೆ. ಅಲ್ಲಿರೋರು ಗಿರಾಕಿಗಳಲ್ಲ, ಮನೆಯವರು." ಬಸ್ಸು ಬರುವವರೆಗೂ ಅದನ್ನೇ ಹೇಳಿದ. ವಾದ ಮುಗಿದಂತೆಯೇ ಇತ್ತು.

ಅದಾದ ಮೇಲೆ, ಚಳಿ ಶುರುವಾಗುವ ಹೊತ್ತಿಗೆ, ಮೂಲೆ ಪಬ್ಬಿನ ಯಜಮಾನ ಗೋಡೆ ಬೆಂಚುಗಳಿಗೆಲ್ಲ ಹೊಸ ಸೀಟು ಹಾಕಿಸಲು ದೊಡ್ಡಮ್ಮನಿಗೆ ಹೇಳಿದ. ಯಜಮಾನ ಗುಂಡಗಿನ ಮನುಷ್ಯ. ಎಲ್ಲರ ಮಾತಿಗೂ 'ಅದೂ ಸರೀನೇ' ಎನ್ನುವವನು, ಹಾಗಾಗಿ ಎಲ್ಲರಿಗೂ ಬೇಕಾದವನು. ಸೋಮವಾರ ಪಬ್ಬಿಗೆ ರಜೆ. ದೊಡ್ಡಮ್ಮ ಸುತ್ತಿಗೆ, ಇಕ್ಕಳ, ರೆಕ್ಸಿನ್ ಸುರುಳಿ ಹೊತ್ತುಕೊಂಡು ಬೆಳಿಗ್ಗೆಯೇ ಹೋದಳು. ಯಜಮಾನ ಸಾಮಾನು ತರಲು ಹೋಗಿದ್ದ. ಅಡುಗೆಯ ಹೆಂಗಸು ಒಬ್ಬಳೇ ಒಳಗೆ ಪಾತ್ರೆ ಉಜ್ಜುತ್ತಿದ್ದಳು. ಆಕೆ ಶನಿವಾರಗಳಂದು ಮಗಳ ಮನೆಗೆ ಹೋಗುವವಳು, ಹಾಗಾಗಿ ದೊಡ್ಡಮ್ಮನಿಗೂ ಆಕೆಗೂ ಅಷ್ಟಾಗಿ ಬಳಕೆ ಇರಲಿಲ್ಲ.

ದೊಡ್ಡಮ್ಮ ಬೆಂಚುಗಳ ಹಳೆಯ ಹೊದಿಕೆ ಒಂದೊಂದಾಗಿ ಕಿತ್ತಳು. ಒಳಗಿನ ನಾರು, ಸ್ಪ್ರಿಂಗು ಎಲ್ಲ ಹೊರಗೆ ಬಂದವು. ಮಧ್ಯಾಹ್ನದ ಹೊತ್ತಿಗೆ ಗೋಡೆ ಪೂರ್ತಿ ಕರುಳು ಬಿಚ್ಚಿಕೊಂಡು ಮಲಗಿದಂತೆ ಕಾಣುತ್ತಿತ್ತು. ಆಗ ಅಡುಗೆಯಾಕೆ ಎರಡು ಲೋಟ ಚಹಾ ತಂದು, ಎದುರಿಗೆ ಕೂತು, ಕಣ್ಣಂಚು ಒರೆಸಿಕೊಂಡಳು.

"ನಿಮ್ಮದು ದೊಡ್ಡ ಮನಸ್ಸು ಅಕ್ಕಾ. ನಾನಾಗಿದ್ರೆ ಈ ಜಾಗಕ್ಕೆ ಕಾಲೇ ಇಡ್ತಿರ್ಲಿಲ್ಲ. ನೀವು ನೋಡಿದ್ರೆ ಅವರಿಬ್ಬರು ಕೂರೋ ಸೀಟನ್ನೂ ನಿಮ್ಮ ಕೈಯಾರೆ ಹೊಲೀತಿದ್ದೀರಿ."

"ಯಾರಿಬ್ಬರು?" ಎಂದಳು ದೊಡ್ಡಮ್ಮ. ಬಾಯಲ್ಲಿ ಮೊಳೆಗಳಿದ್ದವು.

ಅಡುಗೆಯಾಕೆಯ ಲೋಟ ಗಾಳಿಯಲ್ಲೇ ನಿಂತಿತು. ದೊಡ್ಡಮ್ಮ ಬೆಳಿಗ್ಗೆಯಿಂದ ಬೆನ್ನು ಹಾಕಿ ಕೂತಿದ್ದ ಹಿಂದಿನ ಗೋಡೆಯ ಕಡೆ ಕಣ್ಣು ಹೊರಳಿಸಿದಳು. ಅಲ್ಲೊಂದು ಫೋಟೋ ತೂಗುತ್ತಿತ್ತು. ಪಬ್ಬಿನಲ್ಲಿ ಪ್ರತಿ ಬುಧವಾರ ನಡೆಯುವ ಕ್ವಿಜ್ ಗೆದ್ದ ಜೋಡಿಯ ಫೋಟೋ. ದೊಡ್ಡಪ್ಪ ಒಂದು ಕೈಯಲ್ಲಿ ಕಪ್ಪು ಹಿಡಿದಿದ್ದಾನೆ, ಇನ್ನೊಂದು ಕೈ ಡ್ರೈಕ್ಲೀನಿಂಗ್ ಅಂಗಡಿಯಾಕೆಯ ಸೊಂಟದ ಮೇಲಿದೆ. ಆಕೆ ಅದೇ ರಸ್ತೆಯವಳು, ದೊಡ್ಡಪ್ಪನ ಅಂಗಿಗಳಿಗೆ ಇಸ್ತ್ರಿ ಹಾಕುವವಳು. ಬುಧವಾರ ಸಂಜೆ ದೊಡ್ಡಪ್ಪನಿಗೆ ಪಾಠ ಇರುತ್ತಿತ್ತು. ಕತ್ತಲಲ್ಲಿ ಗಾಡಿ ಓಡಿಸುವುದನ್ನು ಕಲಿಯುವವರಿಗೆ ಬೇರೆ ಪಾಠವಂತೆ.

ಆ ಗೋಡೆಯನ್ನು ದೊಡ್ಡಮ್ಮ ಪ್ರತಿ ಶನಿವಾರ ನೋಡಿದ್ದಳು. ಅಲ್ಲಿ ಯಾವತ್ತೂ ಫೋಟೋ ಇರಲಿಲ್ಲ, ಬರೀ ಒಂದು ಮೊಳೆ ಇತ್ತು. ಮೊಳೆಯ ವಿಷಯದಲ್ಲಿ ಅವಳ ಕಣ್ಣು ತಪ್ಪುವುದಿಲ್ಲ.

"ಶನಿವಾರ ಇದನ್ನ ಯಾರು ಇಳಿಸ್ತಾರೆ?" ಎಂದು ಕೇಳಿದಳು.

"ಯಾರು ಮೊದಲು ಬರ್ತಾರೋ ಅವರು ಅಂತ ಯಜಮಾನರು ಹೇಳ್ತಾ ಇದ್ರು. ಹೆಚ್ಚಾಗಿ ಪೋಸ್ಟ್‌ಮ್ಯಾನಣ್ಣ." ಅಡುಗೆಯಾಕೆ ಗಾಬರಿಯಲ್ಲಿ ಇನ್ನಷ್ಟು ಹೇಳಿಬಿಟ್ಟಳು. "ನಿಮಗೆ ಬೇಜಾರಾಗ್ಬಾರ್ದು ಅಂತ ಅಷ್ಟೆ ಅಕ್ಕಾ. ಎಲ್ಲರೂ ನಿಮ್ಮ ಮೇಲೆ ಎಷ್ಟು ಗೌರವ ಇಟ್ಕೊಂಡಿದ್ದಾರೆ ಗೊತ್ತಾ? ಒಂದು ದಿನಾನೂ ಮರೆತಿಲ್ಲ."

ಕೆಲಸ ಬಿಟ್ಟ ಆ ಪೋಸ್ಟ್‌ಮ್ಯಾನು ಪ್ರತಿ ಶನಿವಾರ ತನ್ನ ಗ್ಲಾಸನ್ನು ದೊಡ್ಡಮ್ಮನ ಗ್ಲಾಸಿಗೆ ತಾಗಿಸಿ 'ಮನೆ ಮಗಳು ಬಂದ್ಲು' ಎನ್ನುತ್ತಿದ್ದವನು. ಜೀವಮಾನವೆಲ್ಲ ಬೇರೆಯವರ ಸುದ್ದಿ ಮನೆಮನೆಗೆ ತಲುಪಿಸಿದವನಿಗೆ ಈ ಒಂದು ಸುದ್ದಿಯನ್ನು ಎರಡು ಹೆಜ್ಜೆ ದಾಟಿಸುವುದಾಗಲಿಲ್ಲ. ಗಂಡನ ಮೋಸಕ್ಕಿಂತ ಅವಳಿಗೆ ಹೆಚ್ಚು ನಾಟಿದ್ದು ಇದು. ಗಂಡ ಒಬ್ಬನೇ ಮೋಸ ಮಾಡಿದ್ದರೆ ಅದು ಮನೆಯ ಜಗಳವಾಗಿರುತ್ತಿತ್ತು. ಇಲ್ಲಿ ಹತ್ತು ಜನ ಸೇರಿ, ಒಬ್ಬರಿಲ್ಲದಿದ್ದರೆ ಇನ್ನೊಬ್ಬರು, ಒಂದು ಮೊಳೆಯನ್ನು ಖಾಲಿ ಇಟ್ಟು ಕಾಪಾಡಿದ್ದರು.

ದೊಡ್ಡಮ್ಮ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಡಬ್ಬಿಗೆ ಹಾಕಿದಳು. ಸುತ್ತಿಗೆ, ಇಕ್ಕಳ, ಹೊಸ ರೆಕ್ಸಿನ್ ಎಲ್ಲ ಕಟ್ಟಿಕೊಂಡಳು. ಚಹಾ ಕುಡಿಯಲಿಲ್ಲ. ಕಿತ್ತು ಹಾಕಿದ ಬೆಂಚುಗಳನ್ನು ಹಾಗೇ ಬಿಟ್ಟು ಹೊರಟುಹೋದಳು. ಮರುದಿನ ಯಜಮಾನ ಫೋನು ಮಾಡಿದ.

"ಏನಮ್ಮಾ ಇದು, ಬೆಂಚೆಲ್ಲ ಸ್ಪ್ರಿಂಗು ಬಿಟ್ಕೊಂಡು ಬಿದ್ದಿವೆ. ಗಿರಾಕಿಗಳು ಎಲ್ಲಿ ಕೂರ್ಬೇಕು?"

"ಗಿರಾಕಿಗಳೆಲ್ಲಿದ್ದಾರೆ ಅಲ್ಲಿ? ಎಲ್ಲ ಮನೆಯವರೇ ಅಲ್ವಾ? ಹೊಂದ್ಕೊಂಡು ಕೂರ್ಲಿ ಬಿಡಿ."

"ಅಲ್ಲಮ್ಮಾ, ಸಂಸಾರದ ವಿಷಯಕ್ಕೆ ನಾವು ಹೆಂಗೆ ಕೈ ಹಾಕೋದು? ನಮ್ಮ ಕೆಲಸ ಗ್ಲಾಸು ತುಂಬೋದು."

"ಫೋಟೋ ಇಳಿಸೋದು ಯಾರ ಕೆಲಸ?"

ಯಜಮಾನ, ಅಭ್ಯಾಸಬಲದಿಂದ ಇರಬೇಕು, "ಅದೂ ಸರೀನೇ" ಎಂದ. ದೊಡ್ಡಮ್ಮ ಫೋನಿಟ್ಟಳು.

ಗಂಡನ ಜೊತೆ ನಡೆದ ಮಾತು ಬಹಳ ಚಿಕ್ಕದು. ಅವಳೇ ನನಗೆ ಹೇಳಿದ್ದು. ಬುಧವಾರದ ಪಾಠ ಯಾರಿಗೆ ಎಂದು ಕೇಳಿದಾಗ ದೊಡ್ಡಪ್ಪ ತಲೆ ತಗ್ಗಿಸಲಿಲ್ಲ, ಸುಳ್ಳು ಹೇಳಲಿಲ್ಲ, ಬದಲಿಗೆ ಆಶ್ಚರ್ಯಪಟ್ಟ.

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ಯಾರು ಹೇಳಿದ್ರು ಅಂದ್ಕೊಂಡಿದ್ದೆ?"

"ಅಷ್ಟು ಜನಕ್ಕೆ ಗೊತ್ತಿತ್ತು. ಒಬ್ಬರಾದ್ರೂ ಹೇಳಿರ್ತಾರೆ, ನೀನೇ ನುಂಗ್ಕೊಂಡಿದ್ದೀಯ ಅಂತ..."

"ಹೆಂಡ್ತಿಗೆ ಹೇಳೋ ಕೆಲಸಾನೂ ಪಬ್ಬಿಗೇ ಗುತ್ತಿಗೆ ಕೊಟ್ಟಿದ್ದ ನೋಡು" ಎಂದು ದೊಡ್ಡಮ್ಮ ನನ್ನ ಹತ್ತಿರ ನಕ್ಕಳು. ನಗು ಬಹಳ ಹೊತ್ತು ಇರಲಿಲ್ಲ.

ದೊಡ್ಡಪ್ಪ ಎರಡು ಸೂಟ್‌ಕೇಸು ಹಿಡಿದು ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಕೋಣೆಗೆ ಹೋದ. ಅಷ್ಟು ದಿನ ಅಂಗಿ ಮಾತ್ರ ಹೋಗುತ್ತಿತ್ತು, ಈಗ ಒಳಗಿದ್ದವನೂ ಹೋದ. ಸುದ್ದಿ ನಮ್ಮ ಮನೆಗೆ ಬಂದಾಗ ಅಪ್ಪನ ಬಾಯಿಂದ ಮೊದಲು ಬಂದದ್ದು, "ನಾನು ಹೇಳಿರ್ಲಿಲ್ವಾ? ಈ ಬಡಾವಣೆ ಪಬ್ಬುಗಳ ಹಣೇಬರಹಾನೇ ಇಷ್ಟು!" ಷಡ್ಡಕನ ಸಂಸಾರ ಮುರಿದುಬಿದ್ದದ್ದರಲ್ಲಿ ತನ್ನ ವಾದಕ್ಕೆ ಹೊಸ ಸಾಕ್ಷಿ ಸಿಕ್ಕ ಖುಷಿ ಅವನಿಗೆ. ಅಮ್ಮ ನೋಡಿದ ನೋಟಕ್ಕೆ ಎದ್ದು ಅಂಗಡಿಗೆ ಇಳಿದು ಹೋದ. ಆ ದಿನ ಊಟಕ್ಕೂ ಮೇಲೆ ಬರಲಿಲ್ಲ.

ನಾನೂ ಅಮ್ಮನೂ ದೊಡ್ಡಮ್ಮನನ್ನು ನೋಡಲು ಹೋದೆವು. ಶೆಡ್ಡಿನಲ್ಲಿ ಅವಳು ಒಂದು ಸೋಫಾ ಬಿಚ್ಚುತ್ತಿದ್ದಳು. ಹಿಂದಿನ ದಿನವಷ್ಟೇ ಕಟ್ಟಿ ಮುಗಿಸಿದ್ದ ಸೋಫಾ. ಮುಗಿದದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು, ಕಟ್ಟಿದ್ದನ್ನು ಮತ್ತೆ ಬಿಚ್ಚುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಬಿಚ್ಚಿದ ದಾರ ಸುತ್ತತೊಡಗಿದಳು. ಅಕ್ಕತಂಗಿಯರು ಹಾಗೆ ಸಂಜೆವರೆಗೂ ಕೂತಿದ್ದರು.

ಆಗಲೇ ಬಂತು ನಿಯೋಗ. ಮೂಲೆ ಪಬ್ಬಿನ ಯಜಮಾನ, ಪೋಸ್ಟ್‌ಮ್ಯಾನು ಇಬ್ಬರೂ ಒಗೆದ ಅಂಗಿ ಹಾಕಿಕೊಂಡು, ಕೈಯಲ್ಲಿ ಒಂದು ಹೂಗುಚ್ಛ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎನ್ನಲಿಲ್ಲ ದೊಡ್ಡಮ್ಮ. ಪೋಸ್ಟ್‌ಮ್ಯಾನು ಗಂಟಲು ಸರಿಮಾಡಿಕೊಂಡ.

"ನೋಡಮ್ಮಾ, ಆಗಿದ್ದು ಆಗಿಹೋಯ್ತು. ನಾವೆಲ್ಲ ಕೂತು ಮಾತಾಡಿದ್ದೀವಿ. ನಿನ್ನ ಶನಿವಾರ ನಿನಗೇ. ಅವರಿಬ್ಬರಿಗೆ ಬುಧವಾರ, ಬೇಕಾದ್ರೆ ಶುಕ್ರವಾರ. ಯಾರಿಗೂ ಯಾರೂ ಎದುರಾಗಲ್ಲ. ನಿನ್ನ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ, ಬೇಕಾದ್ರೆ ಬಂದು ನೋಡು."

"ವಾರಾನ ಪಾಲು ಮಾಡಿದ್ರಾ?" ಎಂದಳು ದೊಡ್ಡಮ್ಮ. "ಭಾನುವಾರ ಯಾರಿಗೆ ಬರ್ದಿದ್ದೀರಿ?"

"ಹಂಗಲ್ಲಮ್ಮಾ, ನಮಗೆ ನೀನೂ ಬೇಕು, ಅವನೂ ಬೇಕು."

"ನಿಮಗೆ ಬೇಕಾಗಿರೋದು ನೋಡೋಕೆ ಏನಾದ್ರೂ. ನಾನು ಬಂದ್ರೆ ನನ್ನ ಮುಖ ನೋಡ್ತೀರಿ, ಅವನು ಬಂದ್ರೆ ಅವನಿಗೆ ಹೋಗಿ ಹೇಳ್ತೀರಿ. ಆಮೇಲೆ ಅದನ್ನೇ ಪ್ರೀತಿ ಅಂತೀರಿ. ಹೂವು ಆ ಕಡೆ ಇಡಿ, ಸ್ಪಂಜಿನ ಪುಡಿ ಹತ್ತುತ್ತೆ."

"ಬೆಂಚು..." ಎಂದು ಯಜಮಾನ ಶುರುಮಾಡಿದ.

ಹಾಗಿದ್ದರೆ ಬಂದದ್ದು ಇದಕ್ಕೆ! ಅಮ್ಮ ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟು ಎದ್ದು ನಿಂತಳು. ಜೀವನದಲ್ಲಿ ಯಾರಿಗೂ ಏರುದನಿಯಲ್ಲಿ ಮಾತಾಡದ ನನ್ನಮ್ಮ, "ನಡೀರಿ ಇಲ್ಲಿಂದ!" ಎಂದಳು. ಇಬ್ಬರೂ ಹೂಗುಚ್ಛ ಸಮೇತ ನಡೆದರು.

ಶನಿವಾರಗಳು ಮಾತ್ರ ಬರುವುದು ಬಿಡಲಿಲ್ಲ. ದೊಡ್ಡಮ್ಮ ದುಡಿಯುವವಳು. ವಾರವಿಡೀ ಬಗ್ಗಿ ಸುತ್ತಿಗೆ ಬಡಿದ ಮೇಲೆ ಒಂದು ಸಂಜೆ ಹೊರಗೆ ಹೋಗಿ, ಬೇರೆಯವರು ತುಂಬಿಕೊಟ್ಟ ಒಂದು ಗ್ಲಾಸು ಬಿಯರು ಕುಡಿಯುವುದು ಅವಳಿಗೆ ಬೇಕಿತ್ತು. ಗಂಡ ಹೋದ ಎಂದು ಅದನ್ನೂ ಬಿಡಬೇಕೇ? ಬಡಾವಣೆಯಲ್ಲಿ ಇನ್ನೆರಡು ಪಬ್ಬುಗಳಿದ್ದವು, ಎರಡಕ್ಕೂ ಒಂದೊಂದು ಸಲ ಹೋದಳು. ಒಂದರಲ್ಲಿ ಒಳಗೆ ಕಾಲಿಡುತ್ತಲೇ ಮಾತು ನಿಂತುಹೋಯಿತು. ಇನ್ನೊಂದರಲ್ಲಿ ಕೌಂಟರಿನವನು 'ಇದು ನಮ್ಮ ಕಡೆಯಿಂದ' ಎಂದು ಕನಿಕರದ ಗ್ಲಾಸೊಂದನ್ನು ಮುಂದೆ ತಳ್ಳಿದ. ಅದನ್ನು ಮುಟ್ಟದೆ ಬಂದಳು.

ಕೊನೆಗೆ ಒಂದು ಶನಿವಾರ ನಮ್ಮ ಮನೆಗೆ ಬಂದು, ಅಪ್ಪನ ಎದುರು ನಿಂತು, "ಇವರೇ, ನಿಮ್ಮ ದರಿದ್ರ ಪಬ್ಬುಗಳನ್ನ ಒಂದ್ಸಲ ತೋರಿಸಿ" ಎಂದಳು.

ಅಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನೂ ಜೊತೆಗೆ ಹೋದೆ. ಒಂದು ಪಬ್ಬಿನಲ್ಲಿ ಗೋಡೆಗೆಲ್ಲ ಪುಸ್ತಕ ಅಂಟಿಸಿದ್ದರು. ದೊಡ್ಡಮ್ಮ ಒಂದನ್ನು ಎಳೆದು ನೋಡಿದಳು, ಬೆನ್ನು ಮಾತ್ರ ಬಂತು, ಒಳಗೆ ಪುಸ್ತಕ ಇರಲಿಲ್ಲ. ಇನ್ನೊಂದರಲ್ಲಿ ಮಾಳಿಗೆಯ ಮೇಲೆ ಕೃತಕ ಹುಲ್ಲು ಹಾಸಿ, ಅದರ ಮೇಲೆ ನಿಜವಾದ ಜನರನ್ನು ನಿಲ್ಲಿಸಿದ್ದರು. ಕುಡಿಯುವುದಕ್ಕಿಂತ ಕುಡಿಯುತ್ತಿರುವುದರ ಫೋಟೋ ತೆಗೆಯುವುದೇ ಹೆಚ್ಚು. "ಇಲ್ಲಿರೋರಿಗೆ ಬಾಯಾರಿಕೆಯಾಗಿರೋದು ಫೋನಿಗೆ" ಎಂದಳು. ಮೂರನೆಯದರಲ್ಲಿ ಸಂಗೀತದ ಅಬ್ಬರಕ್ಕೆ ಗ್ಲಾಸಿನ ಬಿಯರೇ ನಡುಗುತ್ತಿತ್ತು. ಅಪ್ಪ ಪ್ರತಿ ಸಲವೂ ದೀಪಗಳನ್ನು ತೋರಿಸಿ, "ಇದು ನಾನು ಹಾಕಿದ್ದು ಅತ್ತಿಗೆ" ಎನ್ನುತ್ತಿದ್ದ. "ಗೊತ್ತಾಯ್ತು ಬಿಡಿ, ಏನೂ ಕಾಣ್ತಿಲ್ಲ" ಎನ್ನುತ್ತಿದ್ದಳು.

ವಾಪಸು ಬರುವಾಗ ರೈಲು ನಿಲ್ದಾಣದ ಎದುರು ಒಂದು ದೊಡ್ಡ ಪಬ್ಬು ಕಂಡಿತು. ಅಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ರೈಲಿಗೆ ಕಾಯುವವರು ಕಾಲ ಕಳೆಯುವ ಜಾಗ ಅದು. ಆಸ್ಪತ್ರೆಯಂತೆ ಬಿಳಿ ಟ್ಯೂಬ್‌ಲೈಟು, ಒದ್ದೆ ಕೊಡೆಗಳ ವಾಸನೆ, ಗೋಡೆಯ ಮೇಲೆ ರೈಲಿನ ಹೊತ್ತು ತೋರಿಸುವ ಫಲಕ, ಮೇಜಿನ ಕೆಳಗೆಲ್ಲ ಪೆಟ್ಟಿಗೆಗಳು. ದೊಡ್ಡಮ್ಮ ಸುಮ್ಮನೆ ಒಳಗೆ ನಡೆದಳು. ಕೌಂಟರಿನಲ್ಲಿದ್ದವನು ತಲೆಯೆತ್ತದೆ ಬಿಯರು ತುಂಬಿದ, ತಲೆಯೆತ್ತದೆ ಹಣ ತೆಗೆದುಕೊಂಡ. ಪಕ್ಕದ ಮೇಜಿನವನು ಅವಳ ಕಡೆ ನೋಡಿದ, ಆದರೆ ಅವಳನ್ನಲ್ಲ, ಅವಳ ಹಿಂದಿದ್ದ ಫಲಕವನ್ನು. ಅವಳು ಅಲ್ಲಿ ಕೂತು ಪೂರ್ತಿ ಗ್ಲಾಸು ಕುಡಿದಳು.

"ಹೇಗಿದೆ ದೊಡ್ಡಮ್ಮಾ?" ಎಂದೆ.

"ಗಬ್ಬು. ಬಿಯರು ನೀರು, ಕುರ್ಚಿಗೆ ಯಾವನೋ ಕಸಾಯಿ ಸೀಟು ಕಟ್ಟಿದ್ದಾನೆ" ಎಂದಳು. ಮುಂದಿನ ಶನಿವಾರ ಒಬ್ಬಳೇ ಅಲ್ಲಿಗೇ ಹೋದಳು. ಅದರ ಮುಂದಿನ ಶನಿವಾರವೂ ಹೋದಳು. ಈ ಸಲ ಚೀಲದಲ್ಲಿ ತಾನೇ ಹೊಲಿದ ಒಂದು ದಿಂಬು ಹಾಕಿಕೊಂಡು ಹೋಗಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತಳು. ಯಾರೂ ಏನೆಂದು ಕೇಳಲಿಲ್ಲ.

ಇಷ್ಟರಲ್ಲಿ ಮೂಲೆ ಪಬ್ಬಿಗೆ ಯಾರೋ ಅಗ್ಗದವರು ಬಂದು ಸೀಟು ಹಾಕಿದರಂತೆ, ಕೂತರೆ ಕೀರಲು ಸದ್ದು ಬರುತ್ತದಂತೆ. ದೊಡ್ಡಪ್ಪ, ಡ್ರೈಕ್ಲೀನಿಂಗ್‌ನಾಕೆ ಇಬ್ಬರೂ ಈಗ ಶನಿವಾರವೂ ಬಹಿರಂಗವಾಗಿ ಕೂರತೊಡಗಿದರು. ಮುಚ್ಚಿಡಲು ಏನೂ ಉಳಿಯಲಿಲ್ಲವಾದ್ದರಿಂದ ಪಬ್ಬಿನವರಿಗೆ ಅವರ ಮೇಲಿನ ಆಸಕ್ತಿಯೂ ಹೋಯಿತು. ಪೋಸ್ಟ್‌ಮ್ಯಾನಿಗೆ ಇಳಿಸಲು ಫೋಟೋ ಇಲ್ಲ, ಕಾಯಲು ಗುಟ್ಟಿಲ್ಲ. ವರ್ಷ ತಿರುಗುವ ಮೊದಲೇ ಡ್ರೈಕ್ಲೀನಿಂಗ್‌ನಾಕೆ ದೊಡ್ಡಪ್ಪನ ಸೂಟ್‌ಕೇಸುಗಳನ್ನು ಅಂಗಡಿಯ ಮುಂದೆ ಇಟ್ಟಳು. ಕಾರಣ ಏನೆಂದು ಇಡೀ ಬಡಾವಣೆಗೆ ಗೊತ್ತು. ನಾನು ಹೇಳುವುದಿಲ್ಲ.

ಆಮೇಲೆ ಒಂದು ಶನಿವಾರ ದೊಡ್ಡಪ್ಪ ನಿಲ್ದಾಣದ ಪಬ್ಬಿಗೆ ಬಂದ. ನಾನೂ ಅವತ್ತು ದೊಡ್ಡಮ್ಮನ ಜೊತೆಗಿದ್ದೆ. ಅಂಗಿ ಮುದುರಿತ್ತು. ಬಾಗಿಲಲ್ಲಿ ನಿಂತು ಸುತ್ತ ನೋಡಿದ, ಯಾರಾದರೂ ಗುರುತು ಹಿಡಿದು 'ಬಾರಪ್ಪಾ' ಎನ್ನಲಿ ಎಂದು ಕಾಯುವವನಂತೆ. ಯಾರೂ ಅನ್ನಲಿಲ್ಲ. ನಮ್ಮ ಮೇಜಿಗೆ ಬಂದು, ಕೂರಲೋ ಬೇಡವೋ ಎಂಬಂತೆ ಕುರ್ಚಿಯ ಬೆನ್ನು ಹಿಡಿದು ನಿಂತ.

"ಇಲ್ಲಿಗಾ ಬರ್ತೀಯ ನೀನು? ಇದೇನು ಜಾಗ ಕಣೇ! ಒಬ್ಬರಿಗೂ ನಿನ್ನ ಗುರುತಿಲ್ಲ."

"ಇಲ್ಲ" ಎಂದಳು ದೊಡ್ಡಮ್ಮ, ಸಮಾಧಾನವಾಗಿ.

"ನಾಳೆ ನಿನಗೇನಾದ್ರೂ ಆದ್ರೆ ಕೇಳೋರು ಯಾರು?"

"ಅಲ್ಲಿ ನನಗೆ ಆಗಿದ್ದು ಕೇಳೋರು ಎಷ್ಟು ಜನ ಇದ್ರು?"

ಅವನು ಮಾತು ಬದಲಿಸಿದ. ತಪ್ಪಾಯಿತು ಎಂದ. ಮನೆಗೆ ಬರುತ್ತೇನೆ ಎಂದ. ಎಲ್ಲರೂ ಅವಳನ್ನು ಕೇಳುತ್ತಿರುತ್ತಾರೆ, ಅವಳಿಲ್ಲದೆ ಪಬ್ಬು ಬಿಕೋ ಎನ್ನುತ್ತದೆ ಎಂದ. ತಪ್ಪಾಯಿತು ಎಂಬ ಮಾತಿಗಿಂತ ಪಬ್ಬಿನ ಮಾತೇ ಉದ್ದವಾಗಿತ್ತು. ದೊಡ್ಡಮ್ಮ ಗ್ಲಾಸು ಕೆಳಗಿಟ್ಟಳು. ಒಂದು ಕ್ಷಣ ಅವಳ ಮುಖ ಮೆತ್ತಗಾದದ್ದು ನಾನು ನೋಡಿದೆ. ಎಷ್ಟೋ ವರ್ಷ ಜೊತೆಗಿದ್ದ ಮನುಷ್ಯ, ಎದುರಿಗೆ ಮುದುರಿದ ಅಂಗಿಯಲ್ಲಿ ನಿಂತಿದ್ದ.

"ನೀನು ಕುಡಿಯೋಕೆ ಏನಾದ್ರೂ ತಗೋ. ನಿಂತೇ ಇದ್ದೀಯ" ಎಂದಳು ಕೊನೆಗೆ.

ದೊಡ್ಡಪ್ಪ ಕೌಂಟರಿನ ಕಡೆ ಹೋದ. ಅಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಕೈಚಾಚುತ್ತಿದ್ದರು. ತನ್ನ ಗ್ಲಾಸು ತಾನಾಗಿಯೇ ತುಂಬಿ ಬರುವುದು ಅಭ್ಯಾಸವಾಗಿದ್ದವನಿಗೆ ಕೈ ಹೇಗೆ ಚಾಚಬೇಕೆಂದೇ ತಿಳಿಯಲಿಲ್ಲ. ಅವನ ಹಿಂದಿದ್ದವರು ಮುಂದಾದರು, ಅವರ ಹಿಂದಿದ್ದವರೂ ಮುಂದಾದರು. ನಾವು ನೋಡುತ್ತಿದ್ದೆವು. ದೊಡ್ಡಮ್ಮ ಎದ್ದು ಹೋಗಿ ತಂದುಕೊಡಬಹುದಿತ್ತು, ಆ ಕೌಂಟರು ಈಗ ಅವಳಿಗೆ ಚೆನ್ನಾಗಿ ಗೊತ್ತು. ಅವಳು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಪ್ಪ ಖಾಲಿ ಕೈಯಲ್ಲಿ ನಮ್ಮ ಕಡೆ ಒಮ್ಮೆ ನೋಡಿ, ಬಾಗಿಲ ಕಡೆ ನಡೆದ. ಅವನು ಈಗಲೂ ಮೂಲೆ ಪಬ್ಬಿಗೆ ಹೋಗುತ್ತಾನೆ, ಡ್ರೈವಿಂಗ್ ಶಾಲೆಯ ಹಿಂದಿನ ಒಂದು ಕೋಣೆಯಲ್ಲಿರುತ್ತಾನೆ ಎಂದು ಕೇಳಿದ್ದೇನೆ.

ಮೊನ್ನೆ ಮತ್ತೆ ದೊಡ್ಡಮ್ಮನ ಜೊತೆ ನಿಲ್ದಾಣದ ಪಬ್ಬಿಗೆ ಹೋಗಿದ್ದೆ. ಅಲ್ಲಿ ಒಬ್ಬ ಹೊಸ ಹುಡುಗಿ ಕೆಲಸಕ್ಕೆ ಸೇರಿದ್ದಳು. ಎರಡು ವರ್ಷದಿಂದ ಪ್ರತಿ ಶನಿವಾರ ತಪ್ಪದೆ ಬರುವ ದೊಡ್ಡಮ್ಮನ ಮುಂದೆ ಬಂದು ನಿಂತು, "ಮೇಡಂ, ಇಲ್ಲಿಗೆ ಮೊದಲ ಸಲಾನಾ?" ಎಂದು ಕೇಳಿದಳು.

"ಹೌದಮ್ಮಾ" ಎಂದಳು ದೊಡ್ಡಮ್ಮ. ಆ ಹುಡುಗಿಯ ಕೈಯಲ್ಲಿ ಇಡೀ ಪಟ್ಟಿ ಓದಿಸಿದಳು. ಒಂದೊಂದನ್ನೂ ಏನು, ಎಂಥದು ಎಂದು ವಿಚಾರಿಸಿದಳು. ಕೊನೆಗೆ ಯಾವಾಗಲೂ ಕುಡಿಯುವುದನ್ನೇ ತರಿಸಿ, ಒಂದು ಗುಟುಕು ಕುಡಿದು, ಮುಖ ಕಿವುಚಿದಳು. ಕೊನೆಯ ಬಸ್ಸಿನವರೆಗೂ ನಾವು ಅಲ್ಲೇ ಕೂತಿದ್ದೆವು, ದಾರಿಯುದ್ದಕ್ಕೂ ಅವಳು ಆ ಬಿಯರನ್ನು ಬೈದಳು.